ಸಹಾಯ ಬೇಕು: ಶ್ರೀಲಂಕಾ ಗ್ರೂಪ್ ಟೂರ್ ಹೋಗಿಬಂದವರು ಇದ್ದೀರಾ?

ಅಮ್ಮನ ಜೊತೆ ಶ್ರೀಲಂಕಾಕ್ಕೆ ಹೊರಟಿದ್ದೇನೆ. ಗೈಡ್ ಇರುವ ಗ್ರೂಪ್ ಟೂರ್. ಅನುರಾಧಪುರ, ದಂಬುಲ್ಲಾ, ಕ್ಯಾಂಡಿ, ಕೊನೆಗೆ ಜಾಫ್ನಾದ ನಲ್ಲೂರು. ಜನಜೀವನ, ಧರ್ಮ ತೋರಿಸುತ್ತೇವೆ ಅಂತಾರೆ. ಆದರೆ ಕ್ಯಾಂಡಿಯ ದಂತ ಮಂದಿರಕ್ಕೆ (ಬುದ್ಧನ ಹಲ್ಲು ಇಟ್ಟಿರುವ ದೇವಸ್ಥಾನ) ಬರೀ ಮುಕ್ಕಾಲು ಗಂಟೆ, ರತ್ನದ ಅಂಗಡಿಗೆ ಎರಡು ಗಂಟೆ!

ಪೂಜೆ ಹೊತ್ತಿನ ಡೋಲು ಕೇಳಬೇಕು, ಬಾಗಿಲು ತೆರೆದಾಗ ಹಲ್ಲು ಇಟ್ಟಿರುವ ಚಿನ್ನದ ಕರಂಡಕ (ಪೆಟ್ಟಿಗೆ) ನೋಡಬೇಕು ಅಂತ ಅಮ್ಮನ ಆಸೆ. ಹಲ್ಲು ಕಾಣಿಸುವುದಿಲ್ಲ ಅಂತ ಅವರಿಗೂ ಗೊತ್ತು. ಸಂಜೆ ಪೂಜೆಗೆ ಸಾಲು ತುಂಬಾ ಉದ್ದ ಇರುತ್ತದಾ? ಗುಂಪು ಬಿಟ್ಟು ನಾವಿಬ್ಬರೇ ಹೋದರೆ ಗೈಡ್ ತಕರಾರು ಮಾಡುತ್ತಾರಾ?

ದಂಬುಲ್ಲಾ ಗುಹೆಗಳ ಮೆಟ್ಟಿಲು ಮಂಡಿನೋವಿನವರಿಗೆ ಆಗುತ್ತದಾ? ಅನುರಾಧಪುರಕ್ಕೆ ಹೋಗುವ ದಿನವೇ ಪೋಯ, ಅಂದರೆ ಹುಣ್ಣಿಮೆ ರಜೆ. ಬೋಧಿ ಮರದ ಹತ್ತಿರ ಜನ ಜಾಸ್ತಿ ಅಲ್ವಾ? ಬೆಳಿಗ್ಗೆ ಎಷ್ಟು ಗಂಟೆಗೆ ಹೋದರೆ ಒಳ್ಳೆಯದು?