ಕ್ರಿಸ್ಮಸ್ ರಜೆಗೆ ಆರು ಊರು ಸುತ್ತಬಹುದೇ? ಹೋಗಿ ಬಂದವರು ಹೇಳಿ

ನಾನು ಹಾಸನದವಳು, ಡ್ರೆಸ್ಡೆನ್‌ನಲ್ಲಿ ಸ್ನಾತಕೋತ್ತರ ಓದಿನ ಎರಡನೇ ವರ್ಷದಲ್ಲಿದ್ದೇನೆ. ಡಿಸೆಂಬರ್ 22ರಿಂದ ಜನವರಿ 3ರವರೆಗೆ ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಬ್ರಸೆಲ್ಸ್, ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್ ನೋಡಬೇಕೆಂದು ಮೂವರು ಗೆಳತಿಯರು ಪಟ್ಟಿ ಮಾಡಿದ್ದೇವೆ. ಒಬ್ಬೊಬ್ಬರ ಕೈಯಲ್ಲಿ 600 ಯೂರೊ ಇದೆ. ಫೆಬ್ರವರಿಯಲ್ಲಿ ಪರೀಕ್ಷೆ. ನನ್ನ ವಾಸದ ಪರವಾನಗಿ ಕಾರ್ಡ್ ಜನವರಿ 2ಕ್ಕೆ ಮುಗಿಯುತ್ತದೆ, ನವೀಕರಣಕ್ಕೆ ಅರ್ಜಿ ಹಾಕಿದ್ದೇನೆ. ದಯವಿಟ್ಟು ನಿಮ್ಮ ಅನುಭವ ತಿಳಿಸಿ.

ಲೈಪ್‌ಜಿಗ್‌ನಿಂದ ಒಬ್ಬರು:

ತಂಗಿ, ಊರುಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು ಮೊದಲು ಆ ಜನವರಿ 2ನ್ನು ನೋಡಿ. ನೀವು ಹಿಂದಿರುಗುವ ದಿನ ನಿಮ್ಮ ಕಾರ್ಡಿಗೆ ಜೀವವೇ ಇರುವುದಿಲ್ಲ. ಅವಧಿಗೆ ಮುಂಚೆ ಅರ್ಜಿ ಹಾಕಿದವರಿಗೆ ವಿದೇಶಿಯರ ಕಚೇರಿ ‘ಫಿಕ್ಷನ್ಸ್‌ಬೆಶೈನಿಗುಂಗ್’ ಎಂಬ ಕಾಗದ ಕೊಡುತ್ತದೆ. ಅದರೊಳಗೆ ಯಾವ ಚೌಕಕ್ಕೆ ಗುರುತು ಹಾಕಿದ್ದಾರೆ ಎಂಬುದನ್ನು ಅಲ್ಲೇ ನಿಂತು ಓದಿಕೊಳ್ಳಿ. ಜರ್ಮನಿಯ ವಾಸದ ಕಾನೂನಿನ 81ನೇ ಕಲಮಿನ 4ನೇ ಉಪಕಲಮಾದರೆ ಹಳೆಯ ಪರವಾನಗಿಯೇ ಮುಂದುವರಿದಂತೆ, ಹೊರಗೆ ಹೋಗಿ ಮರಳಬಹುದು. 3ನೇ ಉಪಕಲಮಾದರೆ ಜರ್ಮನಿಯಲ್ಲಿ ಇರಲು ಮಾತ್ರ ಅನುಮತಿ. ಗಡಿ ದಾಟಿದರೆ ಅದನ್ನು ತೋರಿಸಿ ಒಳಗೆ ಬರಲಾಗದು. ಅರ್ಜಿ ತಲುಪಿದೆ ಎಂಬ ಇಮೇಲ್ ನಂಬಿಕೊಂಡು ಹೊರಡಬೇಡಿ.

ಷೆಂಗೆನ್ (ಪರಸ್ಪರ ಗಡಿ ತಪಾಸಣೆ ಕೈಬಿಟ್ಟ ಯೂರೋಪಿನ ದೇಶಗಳ ವಲಯ) ಎಂದರೆ ಗಡಿಯಲ್ಲಿ ಯಾರೂ ಕೇಳುವುದಿಲ್ಲ ಎಂದು ನಾನೂ ತಿಳಿದಿದ್ದೆ. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರು ಮಾಡಿತು. ಆ ಚಳಿಗಾಲದಲ್ಲಿ ಪ್ರಾಗ್‌ನಿಂದ ಬರುವಾಗ ನಡುರಾತ್ರಿ ಪೊಲೀಸರು ಬಸ್ ಹತ್ತಿದರು. ಜೊತೆಗಿದ್ದ ಹುಡುಗ ಕಾರ್ಡ್ ತಂದಿದ್ದ, ಪಾಸ್‌ಪೋರ್ಟ್ ಕೋಣೆಯಲ್ಲಿತ್ತು. ಅವನನ್ನು ಇಳಿಸಿದರು, ಬಸ್ ಹೊರಟೇಬಿಟ್ಟಿತು, ಅವನೊಬ್ಬನನ್ನೇ ಬಿಡಲಾರದೆ ನಾನೂ ಇಳಿದಿದ್ದೆ. ಕೋಣೆಯಲ್ಲಿದ್ದ ಇನ್ನೊಬ್ಬ ಹುಡುಗ ನಿದ್ದೆಯಿಂದ ಎದ್ದು ಪಾಸ್‌ಪೋರ್ಟಿನ ಚಿತ್ರ ಕಳಿಸುವವರೆಗೆ, ಬೆಳಗಿನ ಜಾವದ ತನಕ, ಆ ಹಿಮದಲ್ಲಿ ಕಾದೆವು. ಎರಡೂ ಜೊತೆಯಲ್ಲಿರಬೇಕು, ಚೀಲದ ತಳದಲ್ಲಲ್ಲ, ಮೈಮೇಲೆ.

ಇನ್ನು ಊರುಗಳ ವಿಷಯ. ಮೊದಲ ವರ್ಷ ನಾನು ಒಂಬತ್ತು ದಿನಗಳಲ್ಲಿ ಐದು ಊರು ಸುತ್ತಿದೆ. ಡಿಸೆಂಬರ್ ಕೊನೆಯಲ್ಲಿ ನಾಲ್ಕು ಗಂಟೆಗೇ ಸೂರ್ಯ ಮುಳುಗುತ್ತಾನೆ. ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಬಂದು, ಹನ್ನೊಂದಕ್ಕೆ ಹೊರಬಿದ್ದರೆ ಉಳಿಯುವ ಬೆಳಕು ಐದೇ ಗಂಟೆ. ಬಂದ ಮೇಲೆ ವಾರವಿಡೀ ಜ್ವರ, ಓದಲು ಇಟ್ಟುಕೊಂಡಿದ್ದ ಜನವರಿ ಹಾಗೆಯೇ ಕೈಬಿಟ್ಟುಹೋಯಿತು. ಡ್ರೆಸ್ಡೆನ್‌ನಲ್ಲಿರುವ ನಿಮಗೆ ಮನೆಬಾಗಿಲಲ್ಲೇ ದಾರಿ ಇದೆ: ಪ್ರಾಗ್‌ಗೆ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ, ಅಲ್ಲಿಂದ ವಿಯೆನ್ನಾಕ್ಕೆ ಸುಮಾರು ನಾಲ್ಕು ಗಂಟೆ. ಈ ಎರಡೇ ಸಾಕು. ಡ್ರೆಸ್ಡೆನ್‌ನ ಸ್ಟ್ರೀಟ್ಸೆಲ್‌ಮಾರ್ಕ್ಟ್ 1434ರಿಂದ ನಡೆಯುತ್ತಿರುವ ಸಂತೆ, ಅದನ್ನು ಹೊರಡುವ ಮೊದಲೇ ನೋಡಿಬಿಡಿ, 24ಕ್ಕೆ ಮುಚ್ಚುತ್ತದೆ. ಪ್ರಾಗ್‌ನ ಹಳೇಪೇಟೆ ಚೌಕದ ಸಂತೆ ಜನವರಿ 6ರವರೆಗೂ ಇರುತ್ತದೆ.

ಮ್ಯೂನಿಕ್‌ನಿಂದ ಇನ್ನೊಬ್ಬರು:

ಅಡುಗೆಮನೆ ಇರುವ ಹಾಸ್ಟೆಲನ್ನೇ ಹುಡುಕಿ. 24ರ ಮಧ್ಯಾಹ್ನದಿಂದ ಅಂಗಡಿಗಳು ಮುಚ್ಚತೊಡಗುತ್ತವೆ; ಅಷ್ಟರೊಳಗೆ ಹಾಲು, ಬ್ರೆಡ್, ತರಕಾರಿ ತಂದಿಟ್ಟುಕೊಳ್ಳಿ. ನಾವು ಊರಿನಿಂದ ಬಂದ ಗೊಜ್ಜವಲಕ್ಕಿ ಪುಡಿ, ಚಟ್ನಿಪುಡಿ, ಒಂದು ಕಿಲೋ ಅಕ್ಕಿ ಒಯ್ದಿದ್ದೆವು. ಹಬ್ಬದ ಎರಡು ದಿನ ನಮ್ಮನ್ನು ಕಾಪಾಡಿದ್ದು ಅದೇ. ಮಾಂಸ ತಿನ್ನದವರಾದರೆ ಪ್ರಾಗ್‌ನಲ್ಲಿ ಸ್ಮಾಜೆನಿ ಸಿರ್ ಕೇಳಿ, ಕರಿದ ಚೀಸ್, ಬಿಸಿಬಿಸಿಯಾಗಿ ಹೊಟ್ಟೆ ತುಂಬುತ್ತದೆ. ಅಲ್ಲಿ ನಡೆಯುವುದು ಕೊರುನಾ, ಯೂರೊ ಅಲ್ಲ. ಬೀದಿಯ ವಿನಿಮಯ ಅಂಗಡಿಗೆ ಹೋಗದೆ ಬ್ಯಾಂಕಿನ ಎಟಿಎಂನಲ್ಲಿ ತೆಗೆಯಿರಿ. ‘ಯೂರೊದಲ್ಲೇ ಲೆಕ್ಕ ಹಾಕಲೇ’ ಎಂದು ಯಂತ್ರ ಕೇಳಿದರೆ ಬೇಡ ಎನ್ನಿ. 600 ಯೂರೊದಲ್ಲಿ ನೂರನ್ನು ಮುಟ್ಟದೆ ಬೇರೆ ಇಡಿ. ಕೊನೆಯ ಗಳಿಗೆಯಲ್ಲಿ ರೈಲು ತಪ್ಪಿದರೆ ಹೊಸ ಟಿಕೆಟ್ಟಿಗೆ ಬೇಕಾಗುವುದು ಆ ನೂರು.

ಡಾಯ್ಚ್‌ಲ್ಯಾಂಡ್ ಟಿಕೆಟ್ (ಜರ್ಮನಿಯಿಡೀ ನಡೆಯುವ ತಿಂಗಳ ಪಾಸ್) ವೇಗದ ದೂರದ ರೈಲುಗಳಿಗೆ ನಡೆಯುವುದಿಲ್ಲ. ಆದರೆ ಪ್ರಾದೇಶಿಕ ರೈಲಿನಲ್ಲಿ ಅದೇ ಟಿಕೆಟ್ಟಿನಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ವರೆಗೆ ಹೋಗಬಹುದು. ಹಣ ಕಡಿಮೆಯಾದರೆ ಇದು ನೆನಪಿರಲಿ.

ಲಿಯೋನ್‌ನಿಂದ ಒಬ್ಬರು:

ಪ್ಯಾರಿಸ್ ಬಿಡಿ ಎನ್ನುವವರ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಡಿಸೆಂಬರ್‌ಗೆ ಬಿಡಿ, ಆದರೆ 26 ತುಂಬುವ ಮೊದಲು ಬಂದೇ ಬನ್ನಿ. ಯೂರೋಪಿನ ವಾಸದ ಕಾರ್ಡ್ ಇರುವ 18ರಿಂದ 25ರ ವಯಸ್ಸಿನವರಿಗೆ ಲೂವ್ರ್‌ನಲ್ಲಿ ಪ್ರವೇಶ ಉಚಿತ. ಇದು ಗೊತ್ತಿಲ್ಲದೆ ನಾನು ಮೊದಲ ಸಲ ಪೂರ್ತಿ ಹಣ ಕೊಟ್ಟೆ, ಆ ಹಣದಲ್ಲಿ ಎರಡು ದಿನ ಊಟ ಮಾಡಬಹುದಿತ್ತು. ಕ್ರಿಸ್ಮಸ್ ದಿನ, ಹೊಸ ವರ್ಷದ ದಿನ, ಎಲ್ಲ ಮಂಗಳವಾರಗಳಲ್ಲಿ ಅದು ಮುಚ್ಚಿರುತ್ತದೆ. ಪರೀಕ್ಷೆ ಮುಗಿಸಿ ಮಾರ್ಚ್‌ನಲ್ಲಿ ಬಂದರೆ ಹಗಲೂ ಉದ್ದ, ಮನಸ್ಸೂ ಹಗುರ.

ಮತ್ತೆ ಕೇಳಿದವಳೇ:

ಎಲ್ಲರಿಗೂ ಮನಸಾರೆ ಧನ್ಯವಾದ. ಲೈಪ್‌ಜಿಗ್‌ನ ಅಣ್ಣ ಹೇಳಿದ ಮೇಲೆ ಮೂವರೂ ಕಾರ್ಡುಗಳನ್ನು ಮೇಜಿನ ಮೇಲಿಟ್ಟು ದಿನಾಂಕ ನೋಡಿದೆವು. ಗೆಳತಿಯೊಬ್ಬಳದು ಡಿಸೆಂಬರ್ 28ಕ್ಕೇ ಮುಗಿಯುತ್ತದೆ, ಅವಳಿಗೆ ಅದು ಗೊತ್ತೇ ಇರಲಿಲ್ಲ! ಇಂದೇ ಅರ್ಜಿ ಹಾಕಿಸಿದೆವು. ಈಗ ಯೋಚಿಸಿರುವುದು ಪ್ರಾಗ್ ಐದು ರಾತ್ರಿ, ವಿಯೆನ್ನಾ ನಾಲ್ಕು, 31ಕ್ಕೆ ಮನೆ. ಕಾಗದ ಕೈಗೆ ಬಂದು ಚೌಕ ಓದುವವರೆಗೆ ಟಿಕೆಟ್ ಕೊಳ್ಳುವುದಿಲ್ಲ, ಬೆಲೆ ಏರಿದರೂ ಸರಿ. ಅವಳ ಕಾಗದ ಬಾರದಿದ್ದರೆ ಗಡಿ ದಾಟದೆ ಮೂವರೂ ಜರ್ಮನಿಯೊಳಗೇ ಸುತ್ತುತ್ತೇವೆ. ಹಾಗಾದರೆ ಹಾರ್ಟ್ಸ್ ಬೆಟ್ಟಗಳ ಕಡೆ ಚಳಿಗಾಲದಲ್ಲಿ ಹೋದವರು ಯಾರಾದರೂ ಇದ್ದೀರಾ?