ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಏರುತ್ತಿದೆ: ಡೀಸೆಲ್ ಕಾರಿನ ಎಂಜಿನ್ ಆಯಿಲ್ ಕುರಿತ ಪ್ರಶ್ನೋತ್ತರ

ಪ್ರಶ್ನೆ (ಶಿರಸಿಯ ಸದಸ್ಯರಿಂದ):
ನಮಸ್ಕಾರ ಸರ್. ನನ್ನದು 2021ರ ಬಿಎಸ್-6 ಡೀಸೆಲ್ ಕಾರು. ತೋಟದ ಮನೆಯಿಂದ ಪೇಟೆಗೆ ಆರು ಕಿಲೋಮೀಟರ್. ಮಕ್ಕಳನ್ನು ಶಾಲೆಗೆ ಬಿಡುವುದು, ಸೊಸೈಟಿಗೆ ಹೋಗಿಬರುವುದು, ಇಷ್ಟೇ ದಿನದ ಓಡಾಟ. ತಿಂಗಳಿಗೊಮ್ಮೆ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗುವುದುಂಟು. ಸರ್ವಿಸ್ ಆಗಿ ಏಳು ತಿಂಗಳಾಯಿತು, ಓಡಿದ್ದು 4,800 ಕಿ.ಮೀ. ಮೊನ್ನೆ ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ತೆಗೆದು ನೋಡಿದರೆ ಆಯಿಲ್ ಮೇಲಿನ ಗುರುತನ್ನೂ ದಾಟಿ ಅರ್ಧ ಬೆರಳಿನಷ್ಟು ಮೇಲಿದೆ. ನಡುವೆ ಯಾರೂ ಆಯಿಲ್ ಹಾಕಿಲ್ಲ. ಇದು ಹೇಗೆ ಸಾಧ್ಯ? 10,000 ಕಿ.ಮೀ. ಆಗುವವರೆಗೆ ಕಾಯಬಹುದೇ? ಪರಿಚಯದ ಗ್ಯಾರೇಜಿನವರು ಲಾರಿಗಳಿಗೆ ಹಾಕುವ 15ಡಬ್ಲ್ಯೂ-40 ಆಯಿಲ್ ದಪ್ಪವಾಗಿರುತ್ತದೆ, ಘಟ್ಟಕ್ಕೆ ಅದೇ ಒಳ್ಳೆಯದು ಎನ್ನುತ್ತಾರೆ.

ಉತ್ತರ:
ನಮಸ್ಕಾರ. ಮೊದಲು ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ: ಕಾಯಬೇಡಿ. ಏರಿರುವುದು ಆಯಿಲ್ ಅಲ್ಲ, ಅದರೊಳಗೆ ಸೇರಿಕೊಂಡ ಡೀಸೆಲ್ ಎಂಬುದೇ ಹೆಚ್ಚು ಸಂಭವ.

2020ರ ಏಪ್ರಿಲ್ 1ರಿಂದ ಬಿಎಸ್-6 ಎಂಬ ಹೊಗೆ ಮಾಲಿನ್ಯದ ನಿಯಮ ಜಾರಿಗೆ ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಡಿಪಿಎಫ್ ಎಂಬ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದರಲ್ಲಿ ಮಸಿ ತುಂಬಿದಾಗ ಎಂಜಿನ್ ತಾನಾಗಿಯೇ ಸ್ವಲ್ಪ ಹೆಚ್ಚು ಡೀಸೆಲ್ ಚಿಮ್ಮಿಸಿ, ಫಿಲ್ಟರನ್ನು ಸುಮಾರು 600 ಡಿಗ್ರಿಯವರೆಗೆ ಕಾಯಿಸಿ, ಆ ಮಸಿಯನ್ನು ಸುಟ್ಟುಹಾಕುತ್ತದೆ. ಈ ಕೆಲಸಕ್ಕೆ ಹದಿನೈದು ಇಪ್ಪತ್ತು ನಿಮಿಷಗಳ ನಿರಂತರ ಓಟ ಬೇಕು. ಆರು ಕಿಲೋಮೀಟರಿನಲ್ಲಿ ಎಂಜಿನ್ ಸರಿಯಾಗಿ ಬಿಸಿಯಾಗುವುದೇ ಕಷ್ಟ. ಸುಡುವ ಕೆಲಸ ಶುರುವಾದರೂ ನೀವು ಶಾಲೆಯ ಗೇಟಿನಲ್ಲಿ ಕೀಲಿ ತಿರುಗಿಸುತ್ತೀರಿ. ಹೀಗೆ ಮತ್ತೆ ಮತ್ತೆ ಅರ್ಧಕ್ಕೇ ನಿಂತಾಗ, ಉರಿಯದೆ ಉಳಿದ ಡೀಸೆಲ್ ಸಿಲಿಂಡರಿನ ಗೋಡೆಗುಂಟ ಇಳಿದು ಕೆಳಗಿನ ಆಯಿಲ್ ಜೊತೆ ಬೆರೆಯುತ್ತದೆ. ಡೀಸೆಲ್ ಪೆಟ್ರೋಲಿನಂತೆ ಬೇಗ ಆವಿಯಾಗಿ ಹೋಗುವುದಿಲ್ಲ. ಆಯಿಲ್ ತೆಳ್ಳಗಾಗುತ್ತದೆ, ಬೇರಿಂಗ್ ಮತ್ತು ಟರ್ಬೊಗಳಿಗೆ ಸಿಗಬೇಕಾದ ರಕ್ಷಣೆ ಸಿಗುವುದಿಲ್ಲ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು, ಡಿಪ್‌ಸ್ಟಿಕ್‌ನಿಂದ ಒಂದು ಹನಿಯನ್ನು ಹಳೆಯ ದಿನಪತ್ರಿಕೆಯ ಮೇಲೆ ಬೀಳಿಸಿ, ಗಂಟೆ ಕಳೆದ ಮೇಲೆ ನೋಡಿ. ನಡುವಿನ ಕಪ್ಪು ಚುಕ್ಕೆಯ ಸುತ್ತ ತಿಳಿಯಾದ, ಅಗಲವಾದ ಜಿಡ್ಡಿನ ಬಳೆ ಹರಡಿದ್ದರೆ, ಮೂಸಿದಾಗ ಡೀಸೆಲ್ ವಾಸನೆ ಬಂದರೆ, ಅನುಮಾನ ಬಹುಪಾಲು ನಿಜ. ಜೊತೆಗೆ ಆಯಿಲ್ ಹಾಕುವ ಮುಚ್ಚಳವನ್ನೂ ತೆರೆದು ನೋಡಿ. ನಮ್ಮ ಮಳೆಗಾಲದಲ್ಲಿ, ಕಡಿಮೆ ಓಡುವ ಕಾರುಗಳ ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ಪದರ ಕಟ್ಟುವುದುಂಟು; ಅದು ಕೇವಲ ತೇವಾಂಶ. ಆದರೆ ಡಿಪ್‌ಸ್ಟಿಕ್ ಮೇಲೂ ಹಾಲುಬಣ್ಣ ಕಂಡು, ಎಂಜಿನ್ ತಂಪಾಗಿಡುವ ದ್ರವ (ಕೂಲೆಂಟ್) ಇಳಿಯುತ್ತಿದ್ದರೆ ಆ ಕಾರನ್ನು ಓಡಿಸಲೇಬೇಡಿ, ಎಳೆದುಕೊಂಡು ಹೋಗಿ ತೋರಿಸಿ.

ಇನ್ನು ಯಾವ ಆಯಿಲ್ ಎಂಬುದು. ಕಾರಿನ ಕೈಪಿಡಿಯಲ್ಲಿ ಎರಡು ಸಂಗತಿಗಳು ಬರೆದಿರುತ್ತವೆ: 5ಡಬ್ಲ್ಯೂ-30ರಂಥ ದಪ್ಪದ ಅಂಕಿ ಮತ್ತು ಯುರೋಪಿನ ಕಾರು ತಯಾರಕರ ಸಂಘವಾದ ಎಸಿಇಎ ಗೊತ್ತುಮಾಡಿದ ಸಿ2, ಸಿ3ಯಂಥ ಗುಣಮಟ್ಟದ ದರ್ಜೆ. ಜನ ಮೊದಲನೆಯದನ್ನು ಮಾತ್ರ ನೋಡುತ್ತಾರೆ. ನಿಮ್ಮ ಕಾರಿಗೆ ಎರಡನೆಯದೇ ಮುಖ್ಯ. ಮಸಿ ಸುಟ್ಟುಹೋಗುತ್ತದೆ, ಆದರೆ ಆಯಿಲ್‌ನಲ್ಲಿರುವ ರಾಸಾಯನಿಕಗಳಿಂದ ಉಳಿಯುವ ಬೂದಿ ಸುಡುವುದಿಲ್ಲ, ಡಿಪಿಎಫ್ ಒಳಗೇ ಕೂರುತ್ತದೆ. ಸಿ3 ದರ್ಜೆಯಲ್ಲಿ ಈ ಬೂದಿಯ ಮಿತಿ ಶೇ. 0.8, ಡಿಪಿಎಫ್ ಇಲ್ಲದ ಹಳೆಯ ಎಂಜಿನ್‌ಗಳಿಗಾಗಿ ಬಂದ ಎ3/ಬಿ4 ದರ್ಜೆಯಲ್ಲಿ ಅದು ಶೇ. 1.6ರವರೆಗೂ ಇರಬಹುದು. ಲಾರಿಯ ಡ್ರಮ್ಮಿನಿಂದ ತೆಗೆದ ಆಯಿಲ್ ಅನ್ನು ಎರಡು ಸರ್ವಿಸ್ ಹಾಕಿಸಿಕೊಂಡಿದ್ದ ಒಂದು ಕಾರು ಡಿಪಿಎಫ್ ಕಟ್ಟಿಹೋಗಿ ನನ್ನ ಬಳಿ ಬಂದಿತ್ತು. ಆ ಮಾಲೀಕರ ಮುಖ ನನಗೆ ಇನ್ನೂ ನೆನಪಿದೆ, ಏಕೆಂದರೆ ಹೊಸ ಫಿಲ್ಟರಿನ ಬೆಲೆ ಹೇಳಬೇಕಾದವನು ನಾನೇ ಆಗಿದ್ದೆ. ಘಟ್ಟಕ್ಕೆ ದಪ್ಪ ಆಯಿಲ್ ಬೇಕೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೈಪಿಡಿಯಲ್ಲಿರುವ ದರ್ಜೆ ದೇವಿಮನೆಗೂ ಅರಬೈಲಿಗೂ ಸಾಕು.

ಅವಧಿಯ ವಿಷಯ: ಕೈಪಿಡಿಯಲ್ಲಿ ಕಿಲೋಮೀಟರ್ ಮತ್ತು ತಿಂಗಳು ಎರಡೂ ಇರುತ್ತವೆ, ಯಾವುದು ಮೊದಲೋ ಅದು. ಗಿಡ್ಡ ಓಟವೇ ಹೆಚ್ಚಿರುವವರಿಗೆ ಕಠಿಣ ಬಳಕೆಯ ಕಡಿಮೆ ಅವಧಿ ಅನ್ವಯಿಸುತ್ತದೆ. ನಿಮ್ಮ ಓಟಕ್ಕೆ ಆರು ತಿಂಗಳು ಅಥವಾ 5,000 ಕಿ.ಮೀ. ಎಂದು ಇಟ್ಟುಕೊಳ್ಳಿ, ಅದಕ್ಕೂ ಮೊದಲೇ ಮಟ್ಟ ಮೇಲಿನ ಗುರುತು ದಾಟಿದರೆ ಅಂದೇ ಬದಲಿಸಿ. ಆಯಿಲ್ ಫಿಲ್ಟರ್ ಮತ್ತು ಡ್ರೇನ್ ಬೋಲ್ಟಿನ ವಾಷರ್ ಪ್ರತಿ ಸಲವೂ ಹೊಸದಿರಲಿ.

ಪ್ರಶ್ನೆ (ಕಾರವಾರದ ಸದಸ್ಯರಿಂದ):
ಸರ್, ನನ್ನದು 2014ರ ಡೀಸೆಲ್ ಕಾರು, ಡಿಪಿಎಫ್ ಇಲ್ಲ, 1,40,000 ಕಿ.ಮೀ. ಓಡಿದೆ. ಹೊಸ ಆಯಿಲ್ ಹಾಕಿ 500 ಕಿ.ಮೀ. ಆಗುವಷ್ಟರಲ್ಲಿ ಕಪ್ಪಾಗುತ್ತದೆ. ಸ್ವಲ್ಪ ಆಯಿಲ್ ಕುಡಿಯುತ್ತದೆ ಕೂಡ. ದಪ್ಪ ಆಯಿಲ್‌ಗೆ ಹೋಗಲೇ?

ಉತ್ತರ:
ಕಪ್ಪಾಗುವುದಕ್ಕೆ ಹೆದರಬೇಡಿ. ಡೀಸೆಲ್ ಎಂಜಿನ್ನಿನ ಮಸಿಯನ್ನು ತನ್ನೊಳಗೆ ತೇಲಿಸಿ ಇಟ್ಟುಕೊಳ್ಳುವುದೇ ಆಯಿಲ್‌ನ ಕೆಲಸ. ಆಯಿಲ್ ಎಷ್ಟು ಕುಡಿಯುತ್ತದೆ ಎಂಬುದನ್ನು ಮಾತ್ರ ಊಹೆಗೆ ಬಿಡದೆ ಅಳೆಯಿರಿ: ಮೇಲಿನ ಗುರುತಿಗೆ ಸರಿಯಾಗಿ ತುಂಬಿಸಿ, 1,000 ಕಿ.ಮೀ. ಓಡಿಸಿ, ಮತ್ತೆ ಅದೇ ಗುರುತಿಗೆ ತರಲು ಎಷ್ಟು ಬೇಕಾಯಿತೆಂದು ಬರೆದಿಡಿ. ಕೈಪಿಡಿಯ ಪಟ್ಟಿಯಲ್ಲಿ 15ಡಬ್ಲ್ಯೂ-40 ಇದ್ದರೆ ನಮ್ಮ ಕರಾವಳಿಯ ಸೆಕೆಗೆ ಅದನ್ನು ಹಾಕಬಹುದು. 5ಡಬ್ಲ್ಯೂ ಎಂಬುದು ಚಳಿಯಲ್ಲಿ ಸುಲಭವಾಗಿ ಹರಿಯುವ ಗುಣದ ಸೂಚನೆ, ಕಾರವಾರದಲ್ಲಿ ಅಂಥ ಚಳಿ ಬೀಳುವುದಿಲ್ಲ. ಪಟ್ಟಿಯಲ್ಲಿ ಇಲ್ಲದಿದ್ದರೆ ಬೇಡ. ನೀಲಿ ಹೊಗೆ ಬರುತ್ತಿದ್ದರೆ ಟರ್ಬೊ ಪೈಪಿನೊಳಗೆ ಆಯಿಲ್ ನಿಂತಿದೆಯೇ ಎಂದು ಬಿಚ್ಚಿ ನೋಡಿಸಿ. ಸಮುದ್ರದ ಉಪ್ಪುಗಾಳಿಗೆ ತಗಡಿನ ಆಯಿಲ್ ಪ್ಯಾನ್ ತುಕ್ಕು ಹಿಡಿಯುತ್ತದೆ, ಆದ್ದರಿಂದ ಕಾರು ಎತ್ತಿದಾಗಲೆಲ್ಲ ಅದರ ಅಂಚುಗಳ ಮೇಲೆ ಕೈಯಾಡಿಸಲು ಹೇಳಿ.

ಮರುಪ್ರಶ್ನೆ (ಶಿರಸಿಯ ಸದಸ್ಯರಿಂದ):
ನೀವು ಹೇಳಿದಂತೆ ನೋಡಿದೆ ಸರ್. ಬಳೆ ಎರಡು ಬೆರಳಿನಗಲ ಹರಡಿದೆ, ವಾಸನೆಯೂ ಇದೆ. ಕೂಲೆಂಟ್ ಸರಿಯಿದೆ. ಘಟ್ಟ ಇಳಿದು ಬಂದರೆ ಡಿಪಿಎಫ್ ತಾನೇ ಶುದ್ಧವಾಗುವುದಿಲ್ಲವೇ?

ಉತ್ತರ:
ಇಳಿಯುವಾಗ ಆಗುವುದಿಲ್ಲ. ಗೇರಿನಲ್ಲೇ ಇಳಿಯುವಾಗ ಎಂಜಿನ್ನಿಗೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ, ಹೊಗೆ ಕೊಳವೆ ತಣ್ಣಗಾಗುತ್ತದೆ. ಮೊದಲು ಶಿರಸಿಯಲ್ಲೇ ಆಯಿಲ್, ಆಯಿಲ್ ಫಿಲ್ಟರ್ ಬದಲಿಸಿ. ಆಮೇಲೆ ಕುಮಟೆಗೆ ಹೋದ ದಿನ ಹೆದ್ದಾರಿ 66ರಲ್ಲಿ ಅಂಕೋಲೆಯ ಕಡೆಗೆ ಇಪ್ಪತ್ತೈದು ನಿಮಿಷ, ಎಂಜಿನ್ ನಿಮಿಷಕ್ಕೆ 2,000 ಸುತ್ತಿನ ಮೇಲಿರುವಂತೆ ಒಂದೇ ವೇಗದಲ್ಲಿ ಓಡಿಸಿ. ನಿಲ್ಲಿಸುವಾಗ ಐಡ್ಲಿಂಗ್ (ಕಾರು ನಿಂತಿರುವಾಗಿನ ಎಂಜಿನ್ ವೇಗ) ಎಂದಿಗಿಂತ ಹೆಚ್ಚಿದ್ದರೆ ಅಥವಾ ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ ಸುಡುವ ಕೆಲಸ ಮುಗಿದಿಲ್ಲವೆಂದು ತಿಳಿದು, ಇನ್ನೂ ಹತ್ತು ನಿಮಿಷ ಓಡಿಸಿ. ತಿಂಗಳ ನಂತರ ಡಿಪ್‌ಸ್ಟಿಕ್ ಮಟ್ಟ ಎಲ್ಲಿದೆ ಎಂದು ಇಲ್ಲಿಯೇ ತಿಳಿಸಿ. ಮತ್ತೆ ಏರಿದ್ದರೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಸೋರುತ್ತಿದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ.