200 ಲೀಟರ್ ಡ್ರಮ್ಮಿಗೆ ಯಾವ ಏರ್ ಪಂಪ್? ಬಳಸಿದವರು ಹೇಳಿ

ಮುಳಬಾಗಿಲು ಟೊಮೆಟೊ: ಒಂದೂವರೆ ಎಕರೆ ಇದೆ. ಕಾಂಪೋಸ್ಟ್ ಟೀ (ಕಾಂಪೋಸ್ಟ್ ಗೊಬ್ಬರ, ಬೆಲ್ಲ ನೀರಿಗೆ ಹಾಕಿ, ಗಾಳಿ ಊದಿ ಸೂಕ್ಷ್ಮಜೀವಿ ಬೆಳೆಸುವ ದ್ರಾವಣ) ಶುರು ಮಾಡಬೇಕು. ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ. ಐದು ಸಾವಿರದೊಳಗೆ ಯಾವ ಪಂಪ್ ತಗೊಳ್ಳಲಿ?

ಶಿರಾ ದಾಳಿಂಬೆ: ಮೀನಿನ ತೊಟ್ಟಿ ಪಂಪ್ ಮಾತ್ರ ಬೇಡ. 650 ರೂಪಾಯಿಯಂತೆ ಎರಡು ತಂದೆ, ಅಂಗಡಿಯವನು "ಧಾರಾಳ ಸಾಕು ಸಾರ್" ಅಂದಿದ್ದ. ಹೊರಗೆ ಹಿಡಿದರೆ ಬುಸ್ ಅಂತ ಗಾಳಿ. ಮೂರಡಿ ನೀರಿನ ತಳಕ್ಕೆ ಏರ್ ಸ್ಟೋನ್ (ಗುಳ್ಳೆ ಬಿಡುವ ಕಲ್ಲು) ಇಳಿಸಿದರೆ ಒಂದೊಂದೇ ಗುಳ್ಳೆ! ಆಮೇಲೆ ಡಯಾಫ್ರಾಮ್, ಅಂದರೆ ಪಂಪ್ ಒಳಗಿನ ರಬ್ಬರ್ ಪೊರೆ, ಹರಿದುಹೋಯಿತು. ರಬ್ಬರ್ 120, ಅದನ್ನು ತರೋಕೆ ತುಮಕೂರಿಗೆ ಹೋಗಿಬರುವ ಬಸ್ ಚಾರ್ಜು ಬೇರೆ. ಈಗ 4,800ರ ಪಿಸ್ಟನ್ ಪಂಪ್, ನಿಮಿಷಕ್ಕೆ 70 ಲೀಟರ್ ಗಾಳಿ. ಡ್ರಮ್ ಕುದಿಯುತ್ತೆ ಅನ್ನಿ. ಏರ್ ಸ್ಟೋನ್ ಕೂಡ ಬಿಟ್ಟೆ, ಲೋಳೆ ಕಟ್ಟಿ ಮುಚ್ಚಿಹೋಗುತ್ತದೆ. ಪಿವಿಸಿ ಪೈಪಿಗೆ ತೂತು ಹೊಡೆದು ತಳಕ್ಕೆ ಹಾಕಿದ್ದೇನೆ, ಪ್ರತಿ ಸಲ ಬಿಚ್ಚಿ ತೊಳೆಯಬಹುದು.

ಚಿಂತಾಮಣಿ ಸೇವಂತಿಗೆ: ಆ ಪಿಸ್ಟನ್ ಸದ್ದಿಗೆ ಮನೆಯಲ್ಲಿ ಯಾರಾದರೂ ಮಲಗುತ್ತಾರಾ? ಡ್ರಿಪ್‌ನ ವೆಂಚುರಿ (ನೀರಿನ ರಭಸಕ್ಕೆ ಗೊಬ್ಬರ ಎಳ್ಕೊಳ್ಳೋ ಕೊಳವೆ) ಎಲ್ಲರ ಮನೆ ಮೂಲೆಯಲ್ಲೂ ಬಿದ್ದಿರುತ್ತೆ ಅಲ್ವಾ. ಅರ್ಧ ಎಚ್‌ಪಿ ಮೋಟಾರಿಗೆ ಕೂಡಿಸಿ ಅದೇ ನೀರು ತಿರುಗಿಸುತ್ತೇನೆ, ಗಾಳಿ ತಾನೇ ಎಳ್ಕೊಳ್ಳುತ್ತೆ. ಖರ್ಚು ಎರಡು ಎಲ್ಬೋ, ಒಂದು ವಾಲ್ವ್. ಗೊಬ್ಬರವನ್ನು ಬಟ್ಟೆಚೀಲದಲ್ಲಿ ಕಟ್ಟಬೇಕು, ಇಲ್ಲದಿದ್ದರೆ ಕಸ ಸಿಕ್ಕಿಕೊಂಡು ಮೋಟಾರ್ ಒದರುತ್ತೆ.

ಶಿರಾ ದಾಳಿಂಬೆ: ಮೋಟಾರಿನ ಇಂಪೆಲ್ಲರ್ (ನೀರು ತಳ್ಳೋ ರೆಕ್ಕೆ) ಒಳಗೆ ಶಿಲೀಂಧ್ರದ ಎಳೆಗಳೆಲ್ಲ ಕತ್ತರಿಸಿ ಹೋಗುತ್ತವೆ ಸ್ವಾಮಿ. ಅದು ಟೀ ಅಲ್ಲ, ಕಷಾಯ.

ಚಿಂತಾಮಣಿ ಸೇವಂತಿಗೆ: ಮೈಕ್ರೋಸ್ಕೋಪಲ್ಲಿ ನೋಡಿದ್ರಾ? ಸುಮ್ನೆ ವಿಡಿಯೋ ನೋಡಿ ಹೇಳಬೇಡಿ. ನನ್ನ ಹೂವು ಬಂದು ನೋಡಿ.

ಗೌರಿಬಿದನೂರು ನಾಟಿ: ಪಂಪ್ ಯಾಕ್ರೀ? 10 ಕೆಜಿ ಸಗಣಿ, 10 ಲೀಟರ್ ಗಂಜಲ, ಎರಡೆರಡು ಕೆಜಿ ಬೆಲ್ಲ, ಕಾಳಿನ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು, 200 ಲೀಟರ್ ನೀರು. ಬೆಳಿಗ್ಗೆ ಸಂಜೆ ಕೋಲಲ್ಲಿ ತಿರುಗಿಸಿ. ಕರೆಂಟ್ ಬಿಲ್ ಸೊನ್ನೆ.

ಮಾಲೂರು ಪಾಲಿಹೌಸ್: ಅದು ಜೀವಾಮೃತ. ಅವರು ಕೇಳಿದ್ದು ಅದಲ್ಲ. ನಾನು ಸೋತಿದ್ದು ಕರೆಂಟಿಗೆ. ಜೋಡಿಸಿಕೊಟ್ಟವನು ಪಂಪನ್ನು ನೆಲದ ಮೇಲೆ ಇಟ್ಟು ಹೋದ, ನೀರು ವಾಪಸ್ ಬರದಂತೆ ತಡೆಯೋ ಚೆಕ್ ವಾಲ್ವ್ ಹಾಕಲಿಲ್ಲ. ರಾತ್ರಿ ಕರೆಂಟ್ ಹೋಯಿತು, ಡ್ರಮ್ಮಿನ ನೀರು ಟ್ಯೂಬಲ್ಲಿ ವಾಪಸ್ ಇಳಿದು ಪಂಪ್ ಒಳಗೇ ತುಂಬಿತು. 4,200 ನೀರುಪಾಲು, ವಾಲ್ವ್ ಬೆಲೆ 40! ವಾರಂಟಿ ಕೇಳಿದರೆ "ನೀರು ಹೋಗಿದೆ, ಬರಲ್ಲ" ಅಂದ. ಈಗ ಪಂಪ್ ಗೋಡೆಗೆ, ಡ್ರಮ್ಮಿಗಿಂತ ಮೇಲೆ. ಇನ್ವರ್ಟರ್ ಬ್ಯಾಟರಿಗೆ ಇನ್ನೊಂದು 14,000. ಬೆಲ್ಲ ಸುರಿದ ದ್ರಾವಣಕ್ಕೆ ಗಾಳಿ ನಿಂತರೆ ಬೆಳಗಾಗುವಷ್ಟರಲ್ಲಿ ಕೊಳೆತ ಮೊಟ್ಟೆ ವಾಸನೆ. ಬೇಸಿಗೆಯಲ್ಲಂತೂ ಬೆಲ್ಲ ಕಡಿಮೆ ಹಾಕಿ, 30 ಡಿಗ್ರಿ ನೀರು ಲೀಟರಿಗೆ ಏಳೂವರೆ ಮಿಲಿಗ್ರಾಂಗಿಂತ ಜಾಸ್ತಿ ಆಮ್ಲಜನಕ ಹಿಡಿಯುವುದಿಲ್ಲ.

ಗೌರಿಬಿದನೂರು ನಾಟಿ: 18 ಸಾವಿರ ಸುರಿದು ಗೊಬ್ಬರದ ನೀರು ಮಾಡ್ತೀರಾ! ಆ ದುಡ್ಡಿಗೆ ಒಂದು ನಾಟಿ ಕರು ಬರುತ್ತೆ.

ಮಾಲೂರು ಪಾಲಿಹೌಸ್: ಕರುಗೆ ಮೇವು ನೀವು ಹಾಕ್ತೀರಾ? ಅದಿರಲಿ, ಟೊಮೆಟೊ ಅಣ್ಣ, ನೀರು ಯಾವುದು, ಬೋರಾ? ಬೆಂಗಳೂರಿನ ಚರಂಡಿ ನೀರು ಬರುವ ಕೆ.ಸಿ. ವ್ಯಾಲಿ ಯೋಜನೆಯ ಕೆರೆಯದಾದರೆ ನಾನಂತೂ ಎಲೆಗೆ ಹೊಡೆಯಲ್ಲ.

ಚಿಂತಾಮಣಿ ಸೇವಂತಿಗೆ: ಶುರುವಾಯ್ತು. ಬೆಂಗಳೂರಲ್ಲಿ ಸಂಸ್ಕರಿಸಿ ಬಿಡೋ ನೀರು ಅದು. ಕೆರೆ ತುಂಬಿದ ಮೇಲೆ ತಾನೇ ನಿಮ್ಮ ಬೋರಲ್ಲಿ ನೀರು ಬಂದಿದ್ದು?

ಮಾಲೂರು ಪಾಲಿಹೌಸ್: ಎರಡನೇ ಹಂತದವರೆಗೆ ಮಾತ್ರ ಸಂಸ್ಕರಿಸೋದು. ಇನ್ನೂ ಶುದ್ಧ ಮಾಡೋ ಮೂರನೇ ಹಂತ ಬೇಕು ಅಂತ ಇಲ್ಲಿಯವರು ಯಾಕೆ ಹೋರಾಡಿದ್ದು, ಕೇಳಿ ನೋಡಿ. ಆ ನೀರಿಗೆ ಬೆಲ್ಲ ಬೇರೆ ಹಾಕಿದರೆ ಕೆಟ್ಟ ಬ್ಯಾಕ್ಟೀರಿಯಾಗೂ ಅದೇ ಊಟ. ಹಸಿ ತಿನ್ನೋ ಹಣ್ಣದು.

ಶಿರಾ ದಾಳಿಂಬೆ: ನಮ್ಮ ಕಡೆ ಆ ನೀರೂ ಇಲ್ಲ, ಜಗಳ ಆಡೋಕೆ.